ನನ್ನ ಕೈಬರಹದ ದೂರುಗಳು

ನಮ್ಮ ಕಾಲೇಜಿನ ಆಫೀಸಿನಲ್ಲಿ ಒಂದು ನೀಲಿ ಕಡತವಿದೆ. ಮೇಲೆ ‘ರ‍್ಯಾಗಿಂಗ್ ತಡೆ ಸಮಿತಿ, ಬಂದ ದೂರುಗಳು’ ಎಂದು ಬರೆದ ಚೀಟಿ ಅಂಟಿಸಿದೆ. ಹೊರಗಿನವರು ಯಾರಾದರೂ ಬಂದು ಅದನ್ನು ಬಿಡಿಸಿ ನೋಡಿದರೆ, ಈ ಕಾಲೇಜಿನಲ್ಲಿ ವರ್ಷಗಟ್ಟಲೆ ಒಬ್ಬರೇ ಯಾರೋ ಓದುತ್ತಿದ್ದಾರೆ, ಪಾಪ, ಅವರೊಬ್ಬರಿಗೇ ಎಲ್ಲರೂ ಕಾಟ ಕೊಡುತ್ತಿದ್ದಾರೆ ಎಂದುಕೊಳ್ಳಬೇಕು. ಏಕೆಂದರೆ ಒಳಗಿರುವ ಪತ್ರಗಳೆಲ್ಲ ಒಂದೇ ಕೈಬರಹದಲ್ಲಿವೆ. ಆ ಕೈ ನನ್ನದು. ನನಗೆ ಐವತ್ತು ದಾಟಿದೆ, ಅರ್ಥಶಾಸ್ತ್ರ ಪಾಠ ಮಾಡುತ್ತೇನೆ, ನನ್ನನ್ನು ಯಾರೂ ರ‍್ಯಾಗಿಂಗ್ ಮಾಡಿಲ್ಲ.

ಇದಕ್ಕೆ ಕಾರಣ ಒಬ್ಬ ಹುಡುಗಿ. ಸರಿಯಾಗಿ ಹೇಳಬೇಕೆಂದರೆ ಕಾರಣ ನಾನು, ಹುಡುಗಿ ಅದರ ಫಲ ಉಂಡವಳು. ತಾನು ಯಾರೆಂದು ಯಾರಿಗೂ ಗೊತ್ತಾಗಬಾರದು ಎಂದು ಕೇಳಿಕೊಂಡು ಅವಳು ಒಂದು ದೂರು ಬರೆದಳು. ಎರಡೇ ದಿನದಲ್ಲಿ ಇಡೀ ಕಾಲೇಜಿಗೆ ಗೊತ್ತಾಯಿತು. ಅವಳು ಬರುವುದನ್ನು ನಿಲ್ಲಿಸಿದಳು. ಆ ಮನೆಯಲ್ಲಿ ಡಿಗ್ರಿಯವರೆಗೆ ಬಂದವಳು ಅವಳೊಬ್ಬಳೇ, ಅವಳ ಓದು ನಿಲ್ಲುವುದು ನನ್ನ ಬಾಯಿಂದ ಎನ್ನುವ ಸ್ಥಿತಿ ಬಂದಿತ್ತು.

ನನ್ನ ಬಾಯಿಯ ವಿಷಯ ಸ್ವಲ್ಪ ಹೇಳಬೇಕು. ನನ್ನ ತಂದೆ ಹಾಸನದ ಕಡೆಯವರು, ಈ ಚಿನ್ನದ ಗಣಿಯ ಊರಿನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದವರು. ನಾವು ಬೆಳೆದದ್ದು ಸ್ಟಾಫ್ ಕ್ವಾರ್ಟರ್ಸ್‌ನಲ್ಲಿ. ಬಲಗಡೆಯ ಮನೆಯಲ್ಲಿ ತಮಿಳು, ಎಡಗಡೆಯ ಮನೆಯಲ್ಲಿ ತೆಲುಗು, ನಮ್ಮ ಮನೆಯಲ್ಲಿ ಅಮ್ಮನ ಹಾಸನದ ಕನ್ನಡ, ಬೀದಿಯಲ್ಲಿ ಇವೆಲ್ಲ ಕಲಸಿದ್ದು. ಹತ್ತು ವರ್ಷ ತುಂಬುವ ಹೊತ್ತಿಗೆ ನನಗೆ ಒಂದು ಚಟ ಹತ್ತಿತ್ತು. ಎದುರಿಗಿದ್ದವರು ಎರಡು ವಾಕ್ಯ ಆಡಿದರೆ ಸಾಕು, ಅವರು ಯಾವ ಕಡೆಯವರು, ಗಣಿಯ ಸಾಲುಮನೆಗಳಲ್ಲಿ ಯಾವ ಲೈನಿನವರು ಎಂದು ಹೇಳಿಬಿಡುವುದು. ಮಾರಿಕುಪ್ಪಂನವರ ತಮಿಳು ಬೇರೆ, ಉರಿಗಾಂನವರದು ಬೇರೆ. ಬಂಗಾರಪೇಟೆಯ ಹಳ್ಳಿಯವರ ಕನ್ನಡದಲ್ಲಿ ತೆಲುಗು ಎಲ್ಲಿ ಇಣುಕುತ್ತದೆ ಎನ್ನುವುದರಿಂದಲೇ ಅವರ ಊರು ರಸ್ತೆಯ ಈ ಬದಿಯೋ ಆ ಬದಿಯೋ ಹೇಳಬಹುದು. ಮದುವೆಮನೆಗಳಲ್ಲಿ ಇದು ಒಂದು ಆಟವೇ ಆಗಿತ್ತು. ಜನ ನನ್ನನ್ನು ಕರೆದು, ಇವರು ಎಲ್ಲಿಯವರು ಹೇಳು ನೋಡೋಣ ಎನ್ನುತ್ತಿದ್ದರು. ತಪ್ಪಿದ್ದು ಕಡಿಮೆ. ಇದರ ಬಗ್ಗೆ ನನಗೆ ಜಂಬ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ, ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮದುವೆಯಾದ ಮೇಲೆ ಮನೆ ಬಂಗಾರಪೇಟೆಯಲ್ಲಿ, ಕೆಲಸ ಉರಿಗಾಂ ಹತ್ತಿರದ ಈ ಕಾಲೇಜಿನಲ್ಲಿ. ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲುಗಳು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಂದ ಬಾಗಿಲವರೆಗೆ ತುಂಬಿರುತ್ತವೆ. ನಾನು ಹತ್ತುವುದು ಅದಕ್ಕೆ ಎದುರು ದಿಕ್ಕಿನ ರೈಲು. ಒಂದು ಬೋಗಿಗೆ ನಾಲ್ಕು ಜನ, ಕಾಲು ಚಾಚಿಕೊಂಡು ಹೋಗಬಹುದು. ಇಷ್ಟು ವರ್ಷಗಳಲ್ಲಿ ನಾನು ನಿಂತು ಪ್ರಯಾಣ ಮಾಡಿದ್ದು ನೆನಪಿಲ್ಲ.

ಸಮಿತಿಗೆ ನನ್ನನ್ನು ಹಾಕಿದಾಗ ಪ್ರಿನ್ಸಿಪಾಲರು ಕೊಟ್ಟ ಕಾರಣ, ‘ನಿಮಗೆ ಮೂರೂ ಭಾಷೆ ಬರುತ್ತದೆ ಮೇಡಂ, ಮಕ್ಕಳು ಹೇಗೆ ಹೇಳಿದರೂ ನಿಮಗೆ ಅರ್ಥವಾಗುತ್ತದೆ.’ ನಿಯಮದ ಪ್ರಕಾರ ಸಮಿತಿ ಇರಲೇಬೇಕು, ಪೆಟ್ಟಿಗೆ ಇರಲೇಬೇಕು, ಗೋಡೆಗೆ ಫಲಕ ಇರಲೇಬೇಕು. ಎಲ್ಲವೂ ಇದ್ದವು. ಪೆಟ್ಟಿಗೆಯನ್ನು ಪ್ರಿನ್ಸಿಪಾಲರ ಕೋಣೆಯ ನೇರ ಎದುರಿಗೆ ಮೊಳೆ ಹೊಡೆದು ನೇತುಹಾಕಿದ್ದೆವು. ವರ್ಷದ ಕೊನೆಯಲ್ಲಿ ತೆರೆದರೆ ಒಳಗೆ ಚಾಕೊಲೇಟಿನ ಕಾಗದ, ಒಂದು ಹಳೆಯ ಬಸ್ ಟಿಕೇಟು. ಕಾಲೇಜಿನಲ್ಲಿ ರ‍್ಯಾಗಿಂಗ್ ಇಲ್ಲ ಎಂದು ನಾವು ವಿಶ್ವವಿದ್ಯಾಲಯಕ್ಕೆ ವರದಿ ಕಳಿಸಿದೆವು. ಸಹಿ ನನ್ನದೇ.

ನಮ್ಮ ಅಟೆಂಡರ್ ಬಂಗಾರಪೇಟೆಯ ಪಕ್ಕದ ಹಳ್ಳಿಯವನು, ನಿವೃತ್ತಿಗೆ ಹತ್ತಿರವಿದ್ದವನು, ಹೆಚ್ಚು ಮಾತಿಲ್ಲದ ಮನುಷ್ಯ. ಆ ಚಾಕೊಲೇಟ್ ಕಾಗದ ಗುಡಿಸುತ್ತ ಅವನೇ ಒಂದು ದಿನ ಹೇಳಿದ.

‘ಇಲ್ಲಿ ಮಡಗಿದ್ರೆ ಯಾರ್ ಆಕ್ತಾರೆ ಮೇಡಂ? ಪ್ರಿನ್ಸಿಪಾಲ್ರು ಕುಂತಲ್ಲಿಂದ ಎಲ್ಲಾ ಕಾಣ್ತದೆ. ನೀರಿನ ಟ್ಯಾಂಕ್ ಇಂದ್ಗಡೆ ಮೊಳೆ ಒಡೆದ್ಬುಡ್ಲಾ?’

ಹೊಡೆದ. ಒಂದು ತಿಂಗಳಿಗೆ ಮೊದಲ ನಿಜವಾದ ಪತ್ರ ಬಂತು.

ನೋಟ್‌ಪುಸ್ತಕದಿಂದ ಕಿತ್ತ ಹಾಳೆ. ಅಕ್ಷರಗಳು ಕನ್ನಡ, ಮುತ್ತಿನಂತೆ ದುಂಡಗೆ. ಭಾಷೆ ಮಾತ್ರ ತಮಿಳು. ಕನ್ನಡ ಮೀಡಿಯಂನಲ್ಲಿ ಓದಿದ ತಮಿಳು ಮನೆಯ ಮಕ್ಕಳು ಅವಸರಕ್ಕೆ ಬರೆದುಕೊಳ್ಳುವುದು ಹೀಗೆ, ಮನೆಯ ಮಾತನ್ನು ಶಾಲೆಯ ಅಕ್ಷರದಲ್ಲಿ. ಪತ್ರದ ಸಾರಾಂಶ ಇಷ್ಟು. ಕಾಲೇಜಿನ ತಮಟೆ ತಂಡಕ್ಕೆ ಹೊಸದಾಗಿ ಸೇರಿದವರನ್ನು ಹಿಂದಿನ ಗೋಡೆಯ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಬೆಂಕಿ ಹಾಕಿ ತಮಟೆಯನ್ನು ಅದರ ಮೇಲೆ ಹಿಡಿಯಲು ಹೇಳುತ್ತಾರೆ. ದೊಡ್ಡವರು ‘ಸಾಕು’ ಅನ್ನುವವರೆಗೆ ಕೆಳಗಿಡುವಂತಿಲ್ಲ. ಇಟ್ಟರೆ ನೀನು ತಮಟೆಗೆ ನಾಲಾಯಕ್ ಎಂದು ಎಲ್ಲರೆದುರು ಮೂರು ಸಲ ಹೇಳಿಸುತ್ತಾರೆ. ನನ್ನ ಎರಡೂ ಕೈ ಸುಟ್ಟಿದೆ. ನಾನು ಯಾರೆಂದು ದಯವಿಟ್ಟು ಕೇಳಬೇಡಿ, ಇದು ನಿಂತರೆ ಸಾಕು, ನಾನು ಓದು ಮುಗಿಸಬೇಕು.

ಯಾವಾಗ ಇದು ನಡೆಯುತ್ತದೆ ಎನ್ನುವುದನ್ನೂ ಬರೆದಿತ್ತು. ‘ರೆಂಡಾವದು ಸಂಗುಕ್ಕು ಅಪ್ಪುರಂ.’ ಎರಡನೇ ಸಂಗು ಆದ ಮೇಲೆ.

ಗಣಿಯ ಸೈರನ್ನಿಗೆ ಇಲ್ಲಿನ ತಮಿಳು ಮನೆಗಳಲ್ಲಿ ಸಂಗು ಅನ್ನುತ್ತಾರೆ. ಪಾಳಿ ಬದಲಾಗುವಾಗ ಅದು ಕೂಗುತ್ತಿತ್ತು, ಎರಡನೆಯದು ಮಧ್ಯಾಹ್ನ ಎರಡಕ್ಕೆ. ನಾವು ಚಿಕ್ಕವರಿದ್ದಾಗ ಆ ಕೂಗಿಗೆ ಅಮ್ಮ ಅಕ್ಕಿ ತೊಳೆಯುವುದೋ, ಗಡಿಯಾರಕ್ಕೆ ಕೀ ಕೊಡುವುದೋ ಏನಾದರೊಂದು ಮಾಡುತ್ತಿದ್ದಳು. ಗಣಿ ಮುಚ್ಚಿ ಎರಡು ದಶಕ ದಾಟಿದೆ. ಈಗ ಡಿಗ್ರಿ ಮೊದಲ ವರ್ಷದಲ್ಲಿರುವ ಯಾವ ಮಗುವೂ ಆ ಸೈರನ್ ಕೇಳಿಲ್ಲ. ಆದರೂ ಒಂದು ಮಗು ಅದರ ಲೆಕ್ಕದಲ್ಲಿ ಹೊತ್ತು ಹೇಳುತ್ತಿದೆ ಎಂದರೆ, ಮನೆಯಲ್ಲಿ ಇನ್ನೂ ಹಾಗೆ ಹೊತ್ತು ಹೇಳುವವರೊಬ್ಬರು ಇದ್ದಾರೆ. ಪತ್ರ ಓದುತ್ತ ನನಗೆ ಮೈ ಜುಮ್ಮೆಂದಿತು. ಸುಟ್ಟ ಕೈಗಳ ಬಗ್ಗೆ ಓದಿ ಜುಮ್ಮೆನ್ನಬೇಕಿತ್ತು. ನನಗೆ ಜುಮ್ಮೆಂದದ್ದು ಸಂಗು ಎನ್ನುವ ಮಾತಿಗೆ.

ಮಾರನೆಯ ದಿನ ಸಮಿತಿ ಸೇರಿತು. ಪ್ರಿನ್ಸಿಪಾಲರು, ನಾನು, ತಮಟೆ ತಂಡದ ಉಸ್ತುವಾರಿಯ ಮೇಷ್ಟ್ರು, ಪೋಷಕರ ಪರವಾಗಿ ಒಬ್ಬರು, ವಿದ್ಯಾರ್ಥಿಗಳ ಪರವಾಗಿ ಕೊನೆಯ ವರ್ಷದ ಒಬ್ಬ ಹುಡುಗ. ಟೀ ಬಂತು. ನಾನು ಪತ್ರವನ್ನು ಓದಿ ಕನ್ನಡದಲ್ಲಿ ಹೇಳಿದೆ.

ಉಸ್ತುವಾರಿ ಮೇಷ್ಟ್ರು ಒಳ್ಳೆಯವರೇ. ವಿಶ್ವವಿದ್ಯಾಲಯದ ಯುವಜನೋತ್ಸವದಲ್ಲಿ ಎರಡು ವರ್ಷದಿಂದ ನಮ್ಮ ತಂಡಕ್ಕೆ ಬಹುಮಾನ ತಂದವರು. ಅವರಿಗೆ ನೋವಾಗಿತ್ತು. ‘ತಮಟೆ ಕಾಯಿಸದೆ ಬಾರಿಸೋಕಾಗುತ್ತಾ ಸರ್? ಅದು ಕಲೆಯ ಪದ್ಧತಿ. ಹೊಸಬರು ಕಾಯಿಸುತ್ತಾರೆ, ಹಳಬರು ಬಾರಿಸುತ್ತಾರೆ. ಎಲ್ಲಾ ಕಡೆ ಹಾಗೇ. ಅದನ್ನೂ ರ‍್ಯಾಗಿಂಗ್ ಅಂದರೆ ನಾಳೆ ಪಾತ್ರೆ ತೊಳೆಯೋದನ್ನೂ ರ‍್ಯಾಗಿಂಗ್ ಅಂತಾರೆ’ ಎಂದರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಮೂರು ಭಾಷೆ ಬರುವ ನನಗೆ ತಮಟೆಯ ವಿಷಯ ಒಂದು ಅಕ್ಷರವೂ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಹೇಳಲು ಬಾಯಿಯೂ ಬರಲಿಲ್ಲ.

‘ಬರೆದವರು ಯಾರು ಅನ್ನೋದೇ ಗೊತ್ತಿಲ್ಲದಿದ್ದರೆ ನಾವು ಮಾಡುವುದಾದರೂ ಏನು?’ ಎಂದರು ಪ್ರಿನ್ಸಿಪಾಲರು.

ಆಗ ನಾನು ಬಾಯಿ ತೆರೆದೆ.

‘ಅದೇನು ಕಷ್ಟದ ವಿಷಯವಲ್ಲ ಸರ್. ತಮಿಳು ಮನೆ, ಓದಿದ್ದು ಕನ್ನಡ ಮೀಡಿಯಂ. ಸಂಗು ಅಂತ ಬರೆದಿದ್ದಾರೆ ನೋಡಿ, ಅಂದರೆ ಗಣಿಯಲ್ಲಿ ದುಡಿದ ಅಜ್ಜನೋ ಅಜ್ಜಿಯೋ ಮನೆಯಲ್ಲಿ ಇನ್ನೂ ಇದ್ದಾರೆ, ಇವರನ್ನು ಬೆಳೆಸಿದವರೂ ಅವರೇ. ಮಾತಿನ ಧಾಟಿ ಇಲ್ಲೇ ಚಾಂಪಿಯನ್ ರೀಫ್ಸ್ ಗಣಿಯ ಕಡೆಯದು.’

ಪ್ರಿನ್ಸಿಪಾಲರು ನಕ್ಕು, ‘ಮೇಡಂ, ನೀವು ಪೊಲೀಸ್ ಇಲಾಖೆಯಲ್ಲಿ ಇರಬೇಕಿತ್ತು’ ಎಂದರು. ಪೋಷಕರ ಪ್ರತಿನಿಧಿ ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ನಾನು ಒಂದು ತೆಗೆದುಕೊಂಡೆ. ಬರೆದವರನ್ನು ಕರೆದು ಸಮಾಧಾನ ಹೇಳಬಹುದಲ್ಲ ಎಂಬ ಉದ್ದೇಶದಿಂದ ಹಾಗೆ ಹೇಳಿದೆ ಎಂದು ಆಮೇಲೆ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಮದುವೆಮನೆಯ ಆಟವನ್ನು ಸಮಿತಿಯಲ್ಲಿ ಆಡಿದ್ದೆ, ಗೆದ್ದಿದ್ದೆ, ಖುಷಿಯಾಗಿತ್ತು.

ತಮಟೆ ತಂಡಕ್ಕೆ ಆ ವರ್ಷ ಹೊಸದಾಗಿ ಸೇರಿದವರು ಆರು ಜನ. ಅವರಲ್ಲಿ ಚಾಂಪಿಯನ್ ರೀಫ್ಸ್‌ನ ತಮಿಳು ಮನೆಯಿಂದ ಬಂದವಳು ಒಬ್ಬಳೇ ಹುಡುಗಿ.

ವಿದ್ಯಾರ್ಥಿ ಪ್ರತಿನಿಧಿ ಹುಡುಗ ಕೆಟ್ಟವನಲ್ಲ. ತಂಡದ ಮುಂದಾಳು ಅವನ ಬೆಂಚಿನವನೇ, ಅವನ ಹತ್ತಿರ ಹೇಳಿದ್ದಾನೆ. ಚಾಡಿ ಹೇಳಿದ್ದೂ ಅಲ್ಲ, ನನ್ನನ್ನು ಹೊಗಳಿ ಹೇಳಿದ್ದು. ಮೇಡಂ ಎಷ್ಟು ಸೂಪರ್ ಆಗಿ ಕಂಡುಹಿಡಿದರು ಗೊತ್ತಾ, ಒಂದೇ ಒಂದು ಮಾತಿನಿಂದ, ಎಂದು. ಆ ಹುಡುಗಿಯ ಗುಟ್ಟು ಕಾಲೇಜಿನಲ್ಲಿ ಹರಡಿದ್ದು ನನ್ನ ಹೊಗಳಿಕೆಯ ಜೊತೆಗೇ.

ಮೂರನೆಯ ದಿನ ನಾನು ಪಾಠ ಮುಗಿಸಿ ಬರುತ್ತಿದ್ದಾಗ ವರಾಂಡದ ಆ ತುದಿಯಿಂದ ಒಂದು ಸದ್ದು ಬಂತು. ಯಾರೋ ತುಟಿ ಮುಚ್ಚಿಕೊಂಡು ‘ಊಂ’ ಎಂದು ಎಳೆಯುತ್ತಿದ್ದರು. ಸಣ್ಣಗೆ ಶುರುವಾಗಿ ಏರುತ್ತ ಹೋಗಿ ಮತ್ತೆ ಇಳಿಯುವ ಸದ್ದು. ಇನ್ನೊಂದು ಕಡೆಯಿಂದ ಇನ್ನೊಬ್ಬರು ಸೇರಿಕೊಂಡರು. ನಾನು ರೈಲಿನ ಅಣಕ ಎಂದುಕೊಂಡು ಸುಮ್ಮನೆ ನಡೆದೆ. ಮಕ್ಕಳಿಗೆ ಮಾಡಲು ಕೆಲಸವಿಲ್ಲ ಎಂದು ಬೈದುಕೊಂಡೆ ಕೂಡ. ಮಾರನೆಯ ದಿನವೂ ಕೇಳಿಸಿತು, ಗ್ರಂಥಾಲಯದ ಹತ್ತಿರ. ಅದರ ಮಾರನೆಯ ದಿನ ಕೇಳಿಸಲಿಲ್ಲ.

ಸ್ಟಾಫ್ ರೂಮಿಗೆ ನೀರು ತಂದಿಟ್ಟ ಅಟೆಂಡರ್ ಹೋಗದೆ ಬಾಗಿಲ ಹತ್ತಿರ ನಿಂತಿದ್ದ.

‘ಆ ವುಡುಗಿ ಇವತ್ತು ಬಂದಿಲ್ಲ ಮೇಡಂ’ ಎಂದ.

‘ಯಾವ ಹುಡುಗಿ?’

‘ಅದೇ, ಎಲ್ರೂ ಸಂಗು ಊದ್ತಿದ್ರಲ್ಲ, ಆ ವುಡುಗಿ. ಅದು ಎಲ್ಲೋದ್ರೂ ಊದೋರು. ಕ್ಯಾಂಟೀನ್ತಾವ, ನಲ್ಲಿತಾವ. ನಿನ್ನೆ ಗೇಟ್ ದಾಟೋಗಂಟ ಊದವ್ರೆ. ನಿಮಗ್ ಗೊತ್ತಿಲ್ವಾ?’

ನನಗೆ ಗೊತ್ತಾಗಲಿಲ್ಲ ಎಂದು ಹೇಳಿದೆ. ಹೇಳುತ್ತಿರುವಾಗಲೇ ಗೊತ್ತಾಯಿತು. ನಾಚಿಕೆ ಎನ್ನುವುದು ಐವತ್ತರ ವಯಸ್ಸಿನಲ್ಲಿಯೂ ಹೀಗೆ ಕಿವಿಯವರೆಗೆ ಸುಡುತ್ತದೆ ಎಂದು ನನಗೆ ಅಂದಾಜಿರಲಿಲ್ಲ.

ಅವನು ಇನ್ನೂ ನಿಂತೇ ಇದ್ದ. ‘ಇನ್ನೊಂದ್ ಮಾತು. ಬತ್ತೀರಾ, ತೋರುಸ್ತೀನಿ’ ಎಂದ.

ತಮಟೆಗಳನ್ನು ಇಡುವ ಕೋಣೆಯ ಬೀಗ ತೆಗೆದ. ಗೋಡೆಗೆ ಸಾಲಾಗಿ ಹದಿನೈದೋ ಹದಿನಾರೋ ತಮಟೆ. ಒಂದನ್ನು ಕೆಳಗಿಳಿಸಿ ಉಗುರಿನಿಂದ ಅದರ ಮುಖದ ಮೇಲೆ ಕುಕ್ಕಿದ.

‘ಇವೆಲ್ಲಾ ಪ್ಲಾಸ್ಟಿಕ್ದು ಮೇಡಂ. ಕಾಯಿಸೋ ಅಂಗೇ ಇಲ್ಲ, ಬೆಂಕಿ ತೋರ್ಸಿದ್ರೆ ಸುಕ್ಕೋಗ್ತವೆ. ಅದಕ್ಕೇ ಅಲ್ವಾ ಎಲ್ರೂ ಇವನ್ನೇ ತಗಳ್ಳೋದು. ಕಾಯಿಸ್ಬೇಕಾದ್ದು ಚರ್ಮದ್ದು. ಚರ್ಮದ್ದು ಇಲ್ಲಿರೋದು ಇದೊಂದೇ.’

ಮೂಲೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ಒಂದು ಹಳೆಯ ತಮಟೆಯನ್ನು ಎಳೆದು ತೋರಿಸಿದ. ಅದರ ಕಟ್ಟು ಕಬ್ಬಿಣದ್ದು. ಹಿಡಿಯುವ ಕಡೆ ಕಪ್ಪಗಾಗಿತ್ತು.

‘ಇದನ್ನ ಯಾರೂ ಬಾರ್ಸಲ್ಲ. ವರ್ಸಕ್ಕೊಂದ್ ದಪ, ಒಸಬ್ರು ಬಂದಾಗ ಈಚೆ ತೆಗೀತಾರೆ. ನಮ್ಮೂರಲ್ಲಿ ಬಾರ್ಸೋರು ವಸಿ ದೂರದಾಗೆ ಇಡ್ದು, ತಿರುಗಿಸ್ತಾ ತಿರುಗಿಸ್ತಾ ಕಾಯಿಸ್ತಿದ್ರು. ಕೈ ಸುಟ್ಕೊಂಡೋರ್ನ ನಾ ಒಬ್ರನ್ನೂ ಕಾಣೆ. ಕೈ ಸುಟ್ಕೊಂಡ್ರೆ ಬಾರ್ಸೋದ್ ಎಂಗೆ?’

ಎಷ್ಟು ಸರಳವಾದ ಪ್ರಶ್ನೆ. ಸಮಿತಿಯಲ್ಲಿ ಐದು ಜನ ಕುಳಿತು ಟೀ ಕುಡಿದೆವು, ಒಬ್ಬರಿಗೂ ಹೊಳೆಯಲಿಲ್ಲ. ‘ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ?’ ಎಂದು ಅವನ ಮೇಲೆ ಸಿಟ್ಟು ಮಾಡಿದೆ. ‘ನನ್ನ ಯಾರ್ ಕೇಳಿದ್ರು?’ ಎಂದ. ಆ ಪತ್ರದಲ್ಲಿ ಓದಬೇಕಾದದ್ದೆಲ್ಲ ಇತ್ತು, ಎಲ್ಲಿ, ಯಾವಾಗ, ಹೇಗೆ. ನಾನು ಅದನ್ನು ಬಿಟ್ಟು ಬರೆದವಳನ್ನು ಓದುತ್ತ ಕುಳಿತಿದ್ದೆ.

ಭಾನುವಾರ ಅವಳ ಮನೆ ಹುಡುಕಿಕೊಂಡು ಚಾಂಪಿಯನ್ ರೀಫ್ಸ್‌ಗೆ ಹೋದೆ. ಗಣಿಯವರಿಗೆ ಕಟ್ಟಿದ ಸಾಲುಮನೆಗಳಲ್ಲಿ ಒಂದು. ತಾಯಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ಕೆಲಸದವರು, ಭಾನುವಾರವೂ ಪಾಳಿ ಇತ್ತು. ಮನೆಯಲ್ಲಿದ್ದವರು ಹುಡುಗಿ ಮತ್ತು ಅವಳ ತಾತ. ಸಮಿತಿಯಲ್ಲಿ ನಾನು ಊಹಿಸಿದ್ದ ಅದೇ ತಾತ. ಬಿಳಿ ಬನಿಯನ್, ಹಣೆಯ ಮೇಲೆ ಹಳೆಯ ಗಾಯದ ಗುರುತು, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ. ನನ್ನ ಊಹೆ ಸರಿಯಾಗಿದ್ದು ಕಂಡು ಆ ಹೊತ್ತಿನಲ್ಲೂ ನನ್ನೊಳಗೆ ಏನೋ ಒಂದು ಸಣ್ಣದು ಹಿಗ್ಗಿತು. ಮನುಷ್ಯರ ಚಟ ಅಷ್ಟು ಬೇಗ ಹೋಗುವುದಿಲ್ಲ.

ಹುಡುಗಿ ಟೀ ತಂದಳು. ಲೋಟ ಕೊಡುವಾಗ ಅಂಗೈ ಕಂಡಿತು. ಬೆರಳುಗಳ ಬುಡದಲ್ಲಿ ಉದ್ದಕ್ಕೆ ಹೊಸ ಚರ್ಮ, ಗುಲಾಬಿ ಬಣ್ಣದ್ದು, ಎರಡೂ ಕೈಗೆ ಒಂದೇ ಅಳತೆಯಲ್ಲಿ.

ತಾತನಿಗೆ ವಿಷಯ ಅರ್ಧ ಗೊತ್ತಿತ್ತು. ಕೈ ಸುಟ್ಟದ್ದು, ದೂರು ಕೊಟ್ಟದ್ದು ಗೊತ್ತು. ದೂರು ಕೊಡಬೇಡ ಎಂದು ಅವರೇ ಹೇಳಿದ್ದರಂತೆ. ‘ನಾಂಗಳುಂ ಪಣ್ಣಿರುಕ್ಕೋಂ ಮೇಡಂ’ ಎಂದರು. ನಾವೂ ಮಾಡಿದ್ದೇವೆ. ಆಮೇಲೆ ನನಗಾಗಿ ಕನ್ನಡಕ್ಕೆ ತಿರುಗಿದರು. ‘ಕೆಳಗೆ ಗಣೀಲಿ ಒಸಬ್ನು ಬಂದ್ರೆ ನಾವೂ ಆಟ ಆಡ್ಸೋದು. ಒಬ್ನು ಬಂದಿದ್ದ, ಇಪ್ಪತ್ತು ವರ್ಸ ಇರ‍್ಬೇಕು. ಅವನ್ ದೀಪ ಕಿತ್ಕೊಂಡು, ಪಕ್ಕದ್ ಸಂದೀಲಿ ಬುಟ್ಟು, ನಾವು ಬಚ್ಚಿಟ್ಕೊಂಡ್ವಿ. ಸೊಲ್ಪ ಒತ್ತು ಅಷ್ಟೇ. ಕೂಗ್ದ, ಆಮೇಲೆ ಕೂಗೋದು ನಿಲ್ಸ್ಬುಟ್ಟ. ಓಗಿ ನೋಡಿದ್ರೆ ಗೋಡೆ ಇಡ್ಕೊಂಡು ನಿಂತವ್ನೆ. ಮಾರ‍್ನೇ ದಿನ ಬರಲೇ ಇಲ್ಲ. ಆ ಕಾಲಕ್ಕೆ ಗಣಿ ಕೆಲಸ ಅಂದ್ರೆ ಏನು ಮೇಡಂ, ಅದನ್ ಬುಟ್ಟು ಓಗ್ಬುಟ್ಟ.’

‘ಯಾರೂ ಹೇಳಲಿಲ್ಲವಾ, ಮೇಲಿನವರಿಗೆ?’

‘ಯೋಳಿದ್ರೆ ಯೋಳ್ದೋನ್ ಗತಿ ಏನು?’ ಎಂದರು. ಲೋಟ ಕೆಳಗಿಟ್ಟು, ‘ಅದಕ್ಕೇ ಇವಳಿಗೆ ಬೇಡ ಅಂದೆ. ನಾನ್ ಅಂದಿದ್ದು ತಪ್ಪು. ಇವಳ್ ಮಾಡಿದ್ದು ಸರಿ’ ಎಂದರು. ಅವರು ಅದನ್ನು ನನಗೆ ಹೇಳಲಿಲ್ಲ, ಅಡುಗೆಮನೆಯ ಬಾಗಿಲ ಕಡೆ ಮುಖ ಮಾಡಿ ಹೇಳಿದರು.

ನನ್ನನ್ನು ಬಿಡಲು ಹುಡುಗಿ ರಸ್ತೆಯವರೆಗೆ ಬಂದಳು. ನೀರಿನ ನಲ್ಲಿಯ ಹತ್ತಿರ ನಿಂತು ಮೆಲ್ಲಗೆ ಕೇಳಿದಳು.

‘ತಾತಂಗೆ ಸಂಗು ಊದೋದು ಗೊತ್ತಿಲ್ಲ ಮೇಡಂ. ಹೇಳ್ಬೇಡಿ. ಅವರ ಮಾತಿಂದ ಸಿಕ್ಕಾಕ್ಕೊಂಡೆ ಅಂತ ಗೊತ್ತಾದ್ರೆ ಬಾಯೇ ಬಿಡಲ್ಲ ಆಮೇಲೆ.’

ಹೇಳುವುದಿಲ್ಲ ಎಂದೆ.

‘ಆ ಊದೋರಿಗೆ ಯಾರು ಹೇಳಿದ್ದು ಮೇಡಂ, ನಾನು ಅಂತ? ಪೆಟ್ಟಿಗೇಲಿ ಹಾಕುವಾಗ ಯಾರೂ ಇರಲಿಲ್ಲ. ನಾನು ನೋಡ್ಕೊಂಡೇ ಹಾಕಿದ್ದು.’

ರೈಲಿನಲ್ಲಿ ಬರುವಾಗ ಈ ಪ್ರಶ್ನೆಗೆ ಎರಡು ಮೂರು ಉತ್ತರ ಸಿದ್ಧಮಾಡಿಕೊಂಡಿದ್ದೆ. ಸಮಿತಿಯಲ್ಲಿ ಮಾತು ಬಂತು, ಹೇಗೋ ಹೊರಗೆ ಹೋಯಿತು, ವಿಚಾರಿಸುತ್ತಿದ್ದೇವೆ, ಹೀಗೆ.

‘ನಾನು’ ಎಂದೆ. ‘ನಿನ್ನ ಪತ್ರ ನೋಡಿ ಎಲ್ಲರೆದುರು ಕಂಡುಹಿಡಿದೆ. ಜಾಣತನ ತೋರಿಸೋದಕ್ಕೆ.’

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನನ್ನೇ ನೋಡುತ್ತ, ಗಣಿತದ ಲೆಕ್ಕವೊಂದರಲ್ಲಿ ತಪ್ಪಿದ ಹೆಜ್ಜೆಯನ್ನು ಹುಡುಕುವವಳ ಹಾಗೆ ಯೋಚಿಸಿದಳು.

‘ಕನ್ನಡದಲ್ಲೇ ಬರೀಬೇಕಿತ್ತು’ ಎಂದಳು. ಆಮೇಲೆ, ‘ಇಲ್ಲ, ಕನ್ನಡದಲ್ಲಿ ಬರೆದಿದ್ರೂ ನೀವು ಕಂಡುಹಿಡೀತಿದ್ರಿ.’

ಹೌದು ಎಂದೆ.

‘ಹಂಗಾದ್ರೆ ಇನ್ಮೇಲೆ ಯಾರಾದ್ರೂ ಹಾಕಿದ್ರೆ ನೀವೇ ಇನ್ನೊಂದ್ ಹಾಳೇಲಿ ಬರ‍್ಕೊಳ್ಳಿ ಮೇಡಂ, ನಿಮ್ ಮಾತಲ್ಲಿ. ನಿಮ್ ಮಾತು ಎಲ್ರಿಗೂ ಗೊತ್ತಿರೋದೇ.’

ನಮ್ಮ ಸಮಿತಿಯ ನಿಯಮಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ. ಅದನ್ನು ಮಾಡಿದವಳು ಹದಿನೆಂಟು ವರ್ಷದ ಹುಡುಗಿ, ನಲ್ಲಿಯ ಹತ್ತಿರ ನಿಂತು.

ಸೋಮವಾರ ನಾನು ಆ ಚರ್ಮದ ತಮಟೆಯನ್ನು ಸಮಿತಿಯ ಮೇಜಿನ ಮೇಲೆ ಇಟ್ಟು, ಪಕ್ಕದಲ್ಲಿ ಪ್ಲಾಸ್ಟಿಕ್ಕಿನದನ್ನು ಇಟ್ಟು, ಅಟೆಂಡರ್‌ನನ್ನು ಕರೆಸಿ ಮಾತಾಡಿಸಿದೆ. ಅವನನ್ನು ಕುರ್ಚಿಯ ಮೇಲೆ ಕೂರಿಸಲು ಐದು ನಿಮಿಷ ಬೇಕಾಯಿತು. ಉಸ್ತುವಾರಿ ಮೇಷ್ಟ್ರು ಕೊನೆಯವರೆಗೆ ಕೇಳಿ, ತಾವು ಒಂದು ದಿನವೂ ಹಿಂದಿನ ಗೋಡೆಯ ಹತ್ತಿರ ಹೋಗಿ ನೋಡಿಲ್ಲ ಎಂದು ಒಪ್ಪಿಕೊಂಡರು. ಪತ್ರದ ವಿಷಯ ಹೊರಗೆ ಹೋದದ್ದು ನನ್ನಿಂದ ಎಂದು ನಾನೂ ಬರೆದುಕೊಟ್ಟೆ. ಪ್ರಿನ್ಸಿಪಾಲರು ಅದು ಅಗತ್ಯವಿಲ್ಲ ಎಂದರು. ಕಡತದಲ್ಲಿ ಇರಲಿ ಎಂದೆ. ಬೆಂಕಿಯ ಹತ್ತಿರ ನಿಂತು ‘ಸಾಕು’ ಹೇಳುವ ಅಧಿಕಾರ ಇಟ್ಟುಕೊಂಡಿದ್ದ ಇಬ್ಬರನ್ನು ತಂಡದಿಂದ ತೆಗೆದು, ಮನೆಯವರನ್ನು ಕರೆಸಿ, ವಿಶ್ವವಿದ್ಯಾಲಯಕ್ಕೆ ವರದಿ ಹೋಯಿತು. ಆ ಇಬ್ಬರ ಅಂಗೈಗಳಲ್ಲೂ ಹಳೆಯ ಗುರುತುಗಳಿದ್ದವು. ಅವರು ಅದನ್ನು ತೋರಿಸಿಯೇ ವಾದ ಮಾಡಿದರು, ನಮಗೂ ಮಾಡಿದ್ದಾರಲ್ಲ ಮೇಡಂ ಎಂದು. ಆ ವರ್ಷ ತಂಡ ಯುವಜನೋತ್ಸವಕ್ಕೆ ಹೋಗಲಿಲ್ಲ. ಅದಕ್ಕೆ ತಂಡದ ಮಿಕ್ಕವರು ಯಾರನ್ನು ದೂಷಿಸಿದರು ಎಂದು ಬೇರೆ ಹೇಳಬೇಕಾಗಿಲ್ಲ.

ಹುಡುಗಿ ಬಂದಳು. ಪರೀಕ್ಷೆ ಬರೆದಳು. ಸಂಗು ಊದುವುದು ನಿಂತಿತು ಎಂದೇ ವರದಿಯಲ್ಲಿದೆ. ಪೂರ್ತಿ ನಿಲ್ಲಲಿಲ್ಲ. ಯಾವಾಗಲೋ ಒಮ್ಮೆ, ಯಾವುದೋ ಮೂಲೆಯಿಂದ, ಯಾರೆಂದು ಹಿಡಿಯಲಾಗದ ಹಾಗೆ ಒಂದು ಸಣ್ಣ ‘ಊಂ’. ನಾನು ಓಡಿಹೋಗಿ ನೋಡುತ್ತಿದ್ದೆ, ಎಲ್ಲರೂ ಪುಸ್ತಕ ಓದುತ್ತಿರುತ್ತಿದ್ದರು. ಅವಳು ತಮಟೆ ಮತ್ತೆ ಮುಟ್ಟಲಿಲ್ಲ. ವರ್ಷ ಮುಗಿದ ಮೇಲೆ ಟಿ.ಸಿ. ತೆಗೆದುಕೊಂಡು ಬಂಗಾರಪೇಟೆಯ ಕಾಲೇಜಿಗೆ ಸೇರಿದಳು. ಟಿ.ಸಿ.ಯಲ್ಲಿ ಕಾರಣದ ಜಾಗದಲ್ಲಿ ‘ಸ್ವಂತ ಕೋರಿಕೆ’ ಎಂದಿದೆ.

ಅಲ್ಲಿಂದ ಈಚೆಗೆ ಪೆಟ್ಟಿಗೆಯ ಬೀಗದ ಕೈ ನನ್ನ ಹತ್ತಿರವೇ ಇದೆ. ಬಂದ ಪತ್ರವನ್ನು ಬೇರೆ ಯಾರೂ ನೋಡುವುದಿಲ್ಲ. ನಾನು ಮನೆಗೆ ತಂದು ಊಟದ ಮೇಜಿನ ಮೇಲೆ ಇನ್ನೊಂದು ಹಾಳೆಗೆ ಬರೆಯುತ್ತೇನೆ. ತೆಲುಗಿನಲ್ಲಿ ಬಂದದ್ದು, ಉರ್ದು ಬೆರೆತದ್ದು, ‘ಓಗು’ ‘ಬಾಲಾ’ ಎನ್ನುವ ಹಳ್ಳಿಯ ಕನ್ನಡದಲ್ಲಿ ಬಂದದ್ದು, ಎಲ್ಲವೂ ನನ್ನ ಒಣ ಕನ್ನಡಕ್ಕೆ ಇಳಿಯುತ್ತವೆ. ‘ಸದರಿ ದಿನದಂದು ಹಿರಿಯ ವಿದ್ಯಾರ್ಥಿಗಳು’ ಎಂದು ಶುರುಮಾಡಿದರೆ ಯಾವ ಮನೆಯ ವಾಸನೆಯೂ ಉಳಿಯುವುದಿಲ್ಲ. ಮೂಲ ಪತ್ರವನ್ನು ಒಲೆಗೆ ಹಾಕುತ್ತೇನೆ. ಈಗಲೂ ಓದುವಾಗ ಮನಸ್ಸು ತನ್ನಷ್ಟಕ್ಕೆ ಹೇಳಿಬಿಡುತ್ತದೆ, ಇವನು ಮಾರಿಕುಪ್ಪಂ, ಇವಳು ಬಂಗಾರಪೇಟೆಯ ಆಚೆಯ ಹಳ್ಳಿ ಎಂದು. ಹೇಳಲಿ. ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತಿದ್ದೇನೆ.

ಕಡತದಲ್ಲಿ ಮೊದಲನೆಯದು ಅವಳ ಪತ್ರ. ಅದನ್ನೂ ಕೊನೆಗೆ ನಾನೇ ಬರೆದೆ. ‘ರೆಂಡಾವದು ಸಂಗುಕ್ಕು ಅಪ್ಪುರಂ’ ಎನ್ನುವ ಕಡೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ‘ಮಧ್ಯಾಹ್ನ ಎರಡು ಗಂಟೆಯ ನಂತರ’ ಎಂದು ಬರೆದೆ.

ಈಗ ಕೆಲವು ದಿನ ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವಳು ಕಾಣುತ್ತಾಳೆ. ಅವಳ ರೈಲು ಬರುವ ಹೊತ್ತಿಗೆ ನಾನು ನನ್ನ ಖಾಲಿ ರೈಲಿಗೆ ಕಾಯುತ್ತಿರುತ್ತೇನೆ. ನಿಂತೇ ಬಂದವರ ಗುಂಪಿನ ಜೊತೆ ಇಳಿದು, ದುಪಟ್ಟಾ ಸರಿಮಾಡಿಕೊಂಡು, ನನ್ನನ್ನು ಕಂಡರೆ ಬಂದು ಮಾತಾಡಿಸುತ್ತಾಳೆ. ಕೊನೆಯ ವರ್ಷ. ಅಮ್ಮ ಚೆನ್ನಾಗಿದ್ದಾರೆ. ತಾತ ಹಾಗೇ ಇದ್ದಾರೆ, ಈಗಲೂ ಸಂಗಿನ ಲೆಕ್ಕದಲ್ಲೇ ಮಾತ್ರೆ ನುಂಗುತ್ತಾರೆ, ಎಂದು ನಕ್ಕಳು ಹೋದ ವಾರ.

ನಾನೂ ನಕ್ಕು, ಮಾತಿಗೆ ಮಾತು ಬರಲಿ ಎಂದು ಕೇಳಿದೆ. ‘ಈಗ ಕ್ಲಾಸು ಎಷ್ಟು ಹೊತ್ತಿಗೆ ಬಿಡುತ್ತೆ?’

ಬಾಯಿಗೆ ಬಂದದ್ದೇನೋ ಅವಳ ತುಟಿಯ ಹತ್ತಿರ ಒಂದು ಕ್ಷಣ ನಿಂತಿತು. ಅವಳು ನನ್ನ ಮುಖ ನೋಡಿದಳು.

‘ಎರಡು ಗಂಟೆಗೆ ಮೇಡಂ’ ಎಂದಳು.